ಮೀನಿನ ಕಿವಿಗಲ್ಲಿನ ಆಕಾರದಿಂದ ಸಮುದ್ರ ಮೀನು ಸಮೂಹಗಳ ಗುರುತಿಸುವಿಕೆ

1. ಪೀಠಿಕೆ

ಬಂದರುಗಳಲ್ಲಿ ಇಳಿಸಲಾಗುವ ಮೀನನ್ನು ಪ್ರಭೇದವಾರು ವಿಂಗಡಿಸಿ, ತೂಕ ಮಾಡಿ ದಾಖಲಿಸಲಾಗುತ್ತದೆ. ಬಂಗುಡೆಗೆ ಒಂದು ಲೆಕ್ಕ, ಬೂತಾಯಿಗೆ ಒಂದು ಲೆಕ್ಕ, ಅಂಜಲ್‌ಗೆ ಇನ್ನೊಂದು ಲೆಕ್ಕ. ಆದರೆ ಒಂದೇ ಪ್ರಭೇದಕ್ಕೆ ಸೇರಿದ ಮೀನುಗಳೆಲ್ಲವೂ ಒಂದೇ ನೆಲೆಯಲ್ಲಿ ಹುಟ್ಟಿ ಬೆಳೆದವು ಎಂದು ಈ ಲೆಕ್ಕದಿಂದ ತಿಳಿಯುವುದಿಲ್ಲ. ಹೊರನೋಟಕ್ಕೆ ಒಂದೇ ರೀತಿ ಕಾಣುವ, ಒಂದೇ ಬಲೆಯಲ್ಲಿ ಸಿಕ್ಕ ಎರಡು ಮೀನುಗಳು ಬೇರೆ ಬೇರೆ ಸ್ಥಳಗಳಲ್ಲಿ, ಬೇರೆ ಬೇರೆ ಕಾಲದಲ್ಲಿ ಮೊಟ್ಟೆಯಿಡುವ ಎರಡು ಸಮೂಹಗಳಿಗೆ ಸೇರಿರಬಹುದು.

ಹೀಗೆ ಬೆರೆತಿರುವ ಸಮೂಹಗಳನ್ನು ಬೇರ್ಪಡಿಸಿ ತಿಳಿಯಲು ವಿಜ್ಞಾನಿಗಳು ಬಳಸುವ ವಿಧಾನಗಳಲ್ಲಿ ಮೀನಿನ ಕಿವಿಯೊಳಗಿನ ಕಲ್ಲಿನ ಆಕಾರವನ್ನು ಅಳೆಯುವುದೂ ಒಂದು. ಸದರಿ ವಿಧಾನವೆಂದರೇನು, ಅದನ್ನು ಹೇಗೆ ನಡೆಸಲಾಗುತ್ತದೆ, ಅದರಿಂದ ಏನನ್ನು ತಿಳಿಯಬಹುದು ಮತ್ತು ಏನನ್ನು ತಿಳಿಯಲಾಗದು ಎಂಬ ವಿವರಗಳನ್ನು ಮೀನುಗಾರರು, ದೋಣಿ ಮಾಲೀಕರು, ಮೀನುಗಾರರ ಸಹಕಾರ ಸಂಘಗಳ ಸದಸ್ಯರು, ವಿದ್ಯಾರ್ಥಿಗಳು ಹಾಗೂ ಆಸಕ್ತ ಸಾರ್ವಜನಿಕರ ತಿಳಿವಳಿಕೆಗಾಗಿ ಇಲ್ಲಿ ನೀಡಲಾಗಿದೆ.

2. ಕಿವಿಗಲ್ಲು ಎಂದರೇನು?

ಮೀನಿಗೆ ಹೊರಗೆ ಕಾಣುವ ಕಿವಿ ಇರುವುದಿಲ್ಲ. ತಲೆಬುರುಡೆಯೊಳಗೆ, ಮಿದುಳಿನ ಎರಡೂ ಬದಿಗಳಲ್ಲಿ ಒಳಗಿವಿ ಇರುತ್ತದೆ. ಮೂಳೆಮೀನುಗಳಲ್ಲಿ ಪ್ರತಿ ಬದಿಯ ಒಳಗಿವಿಯಲ್ಲಿ ಮೂರರಂತೆ ಒಟ್ಟು ಮೂರು ಜೊತೆ ಕಲ್ಲುಗಳಿರುತ್ತವೆ. ಇವುಗಳಿಗೆ ವೈಜ್ಞಾನಿಕವಾಗಿ ಓಟೊಲಿತ್ ಎಂದು ಹೆಸರು. ಮೂರು ಜೊತೆಗಳನ್ನು ಸಜಿಟ್ಟಾ, ಲ್ಯಾಪಿಲಸ್ ಮತ್ತು ಆಸ್ಟರಿಸ್ಕಸ್ ಎಂದು ಕರೆಯಲಾಗುತ್ತದೆ. ಹೆಚ್ಚಿನ ಸಮುದ್ರ ಮೀನುಗಳಲ್ಲಿ ಸಜಿಟ್ಟಾ ಎಲ್ಲಕ್ಕಿಂತ ದೊಡ್ಡದಾಗಿರುವುದರಿಂದ ಅಧ್ಯಯನಗಳಲ್ಲಿ ಸಾಮಾನ್ಯವಾಗಿ ಅದನ್ನೇ ಬಳಸಲಾಗುತ್ತದೆ.

ಕಿವಿಗಲ್ಲನ್ನು ರೂಢಿಯಲ್ಲಿ ಕಿವಿಯ ಮೂಳೆ ಎಂದು ಕರೆಯುವುದುಂಟು. ವಾಸ್ತವವಾಗಿ ಅದು ಮೂಳೆಯಲ್ಲ. ಅದು ಅಲ್ಪ ಪ್ರಮಾಣದ ಪ್ರೋಟೀನಿನ ಚೌಕಟ್ಟಿನ ಮೇಲೆ ಕ್ಯಾಲ್ಸಿಯಂ ಕಾರ್ಬೊನೇಟ್ ಪದರ ಪದರವಾಗಿ ಸಂಗ್ರಹಗೊಂಡು ಆದ ಹರಳು. ಮೀನು ದೇಹದ ಸಮತೋಲನ ಕಾಯ್ದುಕೊಳ್ಳಲು ಮತ್ತು ಶಬ್ದವನ್ನು ಗ್ರಹಿಸಲು ಈ ಕಲ್ಲುಗಳು ನೆರವಾಗುತ್ತವೆ. ಕರಾವಳಿಯಲ್ಲಿ ಕೊಡ್ಡಾಯಿಯಂತಹ ಮೀನಿನ ತಲೆಯನ್ನು ಸಾರಿಗೆ ಹಾಕಿ ಉಣ್ಣುವವರಿಗೆ ಹಲ್ಲಿಗೆ ಸಿಗುವ ಗಟ್ಟಿಯಾದ ಬಿಳಿಯ ಕಲ್ಲು ಇದೇ ಆಗಿದೆ. ಆ ವರ್ಗದ ಮೀನುಗಳಲ್ಲಿ ಕಿವಿಗಲ್ಲು ವಿಶೇಷವಾಗಿ ದೊಡ್ಡದಾಗಿರುತ್ತದೆ. ಬೂತಾಯಿ, ಬಂಗುಡೆಗಳಲ್ಲಿ ಅದು ಕೆಲವೇ ಮಿಲಿಮೀಟರ್ ಉದ್ದವಿದ್ದು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ.

ಕಿವಿಗಲ್ಲಿಗೆ ಇತರ ಅಂಗಗಳಿಗಿಲ್ಲದ ಎರಡು ಗುಣಗಳಿವೆ:

(ಅ) ಮೀನು ಜೀವಂತವಿರುವವರೆಗೂ ಅದು ಬೆಳೆಯುತ್ತಲೇ ಇರುತ್ತದೆ.
(ಆ) ಒಮ್ಮೆ ಕೂಡಿದ ಪದರವನ್ನು ದೇಹವು ಸಾಮಾನ್ಯವಾಗಿ ಮರಳಿ ಹೀರಿಕೊಳ್ಳುವುದಿಲ್ಲ. ಆಹಾರದ ಕೊರತೆಯಾದಾಗ ಮೀನಿನ ಹುರುಪೆಯ ಅಂಚು ಸವೆಯಬಹುದು, ಆದರೆ ಕಿವಿಗಲ್ಲು ಹಾಗೆಯೇ ಉಳಿಯುತ್ತದೆ.

ಈ ಕಾರಣದಿಂದ ಕಿವಿಗಲ್ಲು ಮೀನಿನ ಜೀವಮಾನದ ದಾಖಲೆಯಂತಿದೆ. ಮರದ ಕಾಂಡದಲ್ಲಿ ಕಾಣುವಂತೆ ಅದರಲ್ಲಿಯೂ ವರ್ಷದ ಉಂಗುರಗಳು ಮೂಡುತ್ತವೆ. 1899ರಲ್ಲಿ ಜರ್ಮನಿಯ ರೈಬಿಷ್ ಎಂಬ ವಿಜ್ಞಾನಿ ಪ್ಲೇಸ್ ಎಂಬ ಚಪ್ಪಟೆ ಮೀನಿನ ವಯಸ್ಸನ್ನು ಕಿವಿಗಲ್ಲಿನಿಂದ ನಿರ್ಣಯಿಸಿದರು. 1971ರಲ್ಲಿ ಪನ್ನೆಲ್ಲಾ ಎಂಬ ವಿಜ್ಞಾನಿ ಅದರಲ್ಲಿ ದಿನಕ್ಕೊಂದರಂತೆ ಮೂಡುವ ಸೂಕ್ಷ್ಮ ಪದರಗಳೂ ಇರುವುದನ್ನು ತೋರಿಸಿದರು.

3. ಸಮೂಹ ಎಂದರೇನು? ಅದನ್ನು ಗುರುತಿಸುವುದು ಏಕೆ ಅಗತ್ಯ?

ಒಂದೇ ಪ್ರಭೇದದ ಮೀನುಗಳಲ್ಲಿ ತಮ್ಮದೇ ಆದ ನೆಲೆಯಲ್ಲಿ ಅಥವಾ ಕಾಲದಲ್ಲಿ ಮೊಟ್ಟೆಯಿಟ್ಟು, ಬಹುಮಟ್ಟಿಗೆ ತಮ್ಮೊಳಗೇ ಸಂತಾನ ಮುಂದುವರಿಸುವ, ಬೆಳವಣಿಗೆ ಹಾಗೂ ಸಾವಿನ ಪ್ರಮಾಣಗಳಲ್ಲಿ ಪ್ರತ್ಯೇಕತೆ ಉಳ್ಳ ಗುಂಪನ್ನು ಇಲ್ಲಿ ಸಮೂಹ ಎಂದು ಕರೆಯಲಾಗಿದೆ. ಮೀನುಗಾರಿಕೆ ವಿಜ್ಞಾನದಲ್ಲಿ ಇದಕ್ಕೆ ಸ್ಟಾಕ್ ಎಂಬ ಪದವು ಬಳಕೆಯಲ್ಲಿದೆ. ಎಷ್ಟು ಮೀನು ಹಿಡಿದರೆ ಸಂತತಿಗೆ ಧಕ್ಕೆಯಾಗುವುದಿಲ್ಲ ಎಂಬ ಲೆಕ್ಕವನ್ನು ಪ್ರತಿ ಸಮೂಹಕ್ಕೂ ಪ್ರತ್ಯೇಕವಾಗಿ ಹಾಕಬೇಕಾಗುತ್ತದೆ.

ಎರಡು ಸಮೂಹಗಳನ್ನು ಒಂದೆಂದು ತಿಳಿದು ಲೆಕ್ಕ ಹಾಕಿದಲ್ಲಿ ಆಗುವ ಹಾನಿಯು ಮೊದಲಿಗೆ ಕಣ್ಣಿಗೆ ಕಾಣುವುದಿಲ್ಲ. ಬಲವಾದ ಸಮೂಹದ ಮೀನು ಸಾಕಷ್ಟು ಸಿಗುತ್ತಿರುವವರೆಗೆ ಒಟ್ಟು ಹಿಡುವಳಿ ಚೆನ್ನಾಗಿಯೇ ಕಾಣುತ್ತದೆ. ಅದರ ಮರೆಯಲ್ಲಿ ದುರ್ಬಲ ಸಮೂಹವು ಕ್ಷೀಣಿಸುತ್ತಾ ಹೋಗುತ್ತದೆ. ಅದು ಅಳಿದ ಮೇಲೆ ಆ ನೆಲೆಯನ್ನು ಬೇರೊಂದು ಸಮೂಹವು ತಾನಾಗಿ ಬಂದು ತುಂಬುತ್ತದೆ ಎಂಬ ಭರವಸೆ ಇರುವುದಿಲ್ಲ. ಇದಕ್ಕೆ ವಿರುದ್ಧವಾಗಿ, ಒಂದೇ ಸಮೂಹವನ್ನು ಎರಡೆಂದು ತಿಳಿದರೆ ಅನಾವಶ್ಯಕವಾದ ನಿರ್ಬಂಧಗಳಿಗೆ ಎಡೆಯಾಗಬಹುದು. ಆದ್ದರಿಂದ ಸಮೂಹಗಳ ಗಡಿಯನ್ನು ಸರಿಯಾಗಿ ತಿಳಿಯುವುದು ಮೀನಿನ ಸಂರಕ್ಷಣೆಗೂ ಮೀನುಗಾರರ ಜೀವನೋಪಾಯಕ್ಕೂ ಸಂಬಂಧಪಟ್ಟ ವಿಷಯವಾಗಿದೆ.

4. ಆಕಾರದಲ್ಲಿ ವ್ಯತ್ಯಾಸ ಉಂಟಾಗುವುದು ಹೇಗೆ?

ಕಿವಿಗಲ್ಲಿನ ಮೂಲ ಆಕಾರವು ಪ್ರಭೇದದಿಂದ ಪ್ರಭೇದಕ್ಕೆ ಬೇರೆಯಾಗಿರುತ್ತದೆ. ಹಕ್ಕಿ ಅಥವಾ ಸಮುದ್ರ ಸಸ್ತನಿಯ ಹೊಟ್ಟೆಯಲ್ಲಿ ದೊರೆತ ಕಿವಿಗಲ್ಲಿನಿಂದಲೇ ಅದು ಯಾವ ಮೀನನ್ನು ತಿಂದಿತ್ತೆಂದು ತಜ್ಞರು ಹೇಳಬಲ್ಲರು. ಒಂದೇ ಪ್ರಭೇದದೊಳಗಿನ ವ್ಯತ್ಯಾಸವು ಇದಕ್ಕಿಂತ ಬಹಳ ಸೂಕ್ಷ್ಮವಾದುದು. ಮುಂಭಾಗದಲ್ಲಿ ಕೊಕ್ಕಿನಂತೆ ಚಾಚಿದ ತುದಿ ತುಸು ಉದ್ದವಾಗಿರಬಹುದು, ಅದರ ಪಕ್ಕದ ಕಚ್ಚು ತುಸು ಆಳವಾಗಿರಬಹುದು, ಹಿಂಬದಿಯ ಅಂಚು ತುಸು ಗುಂಡಗಿರಬಹುದು. ಇಂತಹ ವ್ಯತ್ಯಾಸವನ್ನು ಬರಿಗಣ್ಣಿನಿಂದ ತೀರ್ಮಾನಿಸಲಾಗದು. ಹಲವು ಮೀನುಗಳ ಕಲ್ಲುಗಳನ್ನು ಅಳೆದು ಸರಾಸರಿಗಳನ್ನು ಹೋಲಿಸಿದಾಗ ಮಾತ್ರ ಅದು ವ್ಯಕ್ತವಾಗುತ್ತದೆ.

ವ್ಯತ್ಯಾಸಕ್ಕೆ ಮುಖ್ಯವಾಗಿ ಎರಡು ಕಾರಣಗಳಿವೆ. ಮೊದಲನೆಯದು ವಂಶಪಾರಂಪರ್ಯ. ಎರಡನೆಯದು ಮೀನು ಬೆಳೆದ ಪರಿಸರ, ಅಂದರೆ ನೀರಿನ ಉಷ್ಣಾಂಶ, ಆಳ, ಆಹಾರದ ಲಭ್ಯತೆ ಮತ್ತು ಇವುಗಳಿಂದ ನಿರ್ಧಾರವಾಗುವ ಬೆಳವಣಿಗೆಯ ವೇಗ. ಅಟ್ಲಾಂಟಿಕ್ ಸಾಗರದ ವಾಯವ್ಯ ಭಾಗದ ಕಾಡ್ ಮೀನುಗಳ ಬಗ್ಗೆ ಕಂಪಾನಾ ಮತ್ತು ಕ್ಯಾಸಲ್‌ಮನ್ ಎಂಬ ವಿಜ್ಞಾನಿಗಳು 1993ರಲ್ಲಿ ಪ್ರಕಟಿಸಿದ ಅಧ್ಯಯನವು ಬೆಳವಣಿಗೆಯ ವೇಗದ ಪಾತ್ರ ಹಿರಿದೆಂದು ತೋರಿಸಿತು. ಫಾರೋ ದ್ವೀಪಗಳ ಎರಡು ಕಾಡ್ ಸಮೂಹಗಳ, ವಯಸ್ಸು ಖಚಿತವಾಗಿ ತಿಳಿದಿದ್ದ ಮೀನುಗಳನ್ನು ಪರೀಕ್ಷಿಸಿದ 2004ರ ಅಧ್ಯಯನವು ವಂಶ ಮತ್ತು ಪರಿಸರ ಎರಡೂ ಆಕಾರದ ಮೇಲೆ ಪ್ರಭಾವ ಬೀರುತ್ತವೆ ಎಂದು ಕಂಡುಕೊಂಡಿತು.

ಈ ಅಂಶವನ್ನು ಸರಿಯಾಗಿ ಗಮನಿಸುವುದು ಅಗತ್ಯ. ಕಿವಿಗಲ್ಲಿನ ಆಕಾರ ಬೇರೆಯಾಗಿದ್ದರೆ ಆ ಮೀನುಗಳು ಬಾಳಿನ ಬಹುಭಾಗವನ್ನು ಬೇರೆ ಬೇರೆ ಪರಿಸರದಲ್ಲಿ ಕಳೆದಿವೆ ಅಥವಾ ಬೇರೆ ವಂಶದವಾಗಿವೆ ಎಂದು ತಿಳಿಯಬಹುದು. ಇವೆರಡರಲ್ಲಿ ಯಾವುದು ಕಾರಣವೆಂದು ಆಕಾರವೊಂದೇ ಹೇಳುವುದಿಲ್ಲ.

5. ಪರೀಕ್ಷಾ ವಿಧಾನ

ಕಿವಿಗಲ್ಲಿನ ಆಕಾರ ವಿಶ್ಲೇಷಣೆಯನ್ನು ಸಾಮಾನ್ಯವಾಗಿ ಈ ಕೆಳಕಂಡ ಹಂತಗಳಲ್ಲಿ ನಡೆಸಲಾಗುತ್ತದೆ.

(1) ಆಧಾರ ಮಾದರಿ ಸಂಗ್ರಹಣೆ: ಮೂಲವು ಖಚಿತವಾಗಿ ತಿಳಿದಿರುವ ಮೀನುಗಳನ್ನು ಮೊದಲು ಸಂಗ್ರಹಿಸಬೇಕು. ಇದಕ್ಕೆ ಮೊಟ್ಟೆಯಿಡುವ ಕಾಲದಲ್ಲಿ, ಮೊಟ್ಟೆಯಿಡುವ ನೆಲೆಯಲ್ಲಿಯೇ ಹಿಡಿದ ಮೀನುಗಳು ಸೂಕ್ತ.

(2) ಮೀನಿನ ವಿವರ: ಪ್ರತಿ ಮೀನಿನ ಉದ್ದ, ತೂಕ, ಲಿಂಗ, ಮೊಟ್ಟೆ ಅಥವಾ ವೀರ್ಯದ ಪಕ್ವತೆ, ಹಿಡಿದ ಸ್ಥಳ, ದಿನಾಂಕ ಮತ್ತು ಬಲೆಯ ವಿಧವನ್ನು ದಾಖಲಿಸಲಾಗುತ್ತದೆ.

(3) ಕಲ್ಲನ್ನು ಹೊರತೆಗೆಯುವುದು: ತಲೆಬುರುಡೆಯನ್ನು ತೆರೆದು ಎರಡೂ ಬದಿಯ ಕಲ್ಲುಗಳನ್ನು ಚಿಮುಟದಿಂದ ಎತ್ತಿ, ಅಂಟಿರುವ ಪೊರೆಯನ್ನು ತೆಗೆದು, ತೊಳೆದು, ಒಣಗಿಸಿ, ಗುರುತು ಬರೆದ ಲಕೋಟೆ ಅಥವಾ ಸಣ್ಣ ಸೀಸೆಯಲ್ಲಿ ಇಡಲಾಗುತ್ತದೆ. ಅಂಚು ಮುರಿದ ಕಲ್ಲುಗಳನ್ನು ಆಕಾರದ ಪರೀಕ್ಷೆಗೆ ಬಳಸಲಾಗದು. ಎಡ ಮತ್ತು ಬಲ ಕಲ್ಲುಗಳು ಎಲ್ಲ ಪ್ರಭೇದಗಳಲ್ಲಿ ಒಂದೇ ಸಮನಾಗಿರುವುದಿಲ್ಲವಾದ್ದರಿಂದ ಅವುಗಳನ್ನು ಬೆರೆಸದೆ ಒಂದೇ ಬದಿಯ ಕಲ್ಲನ್ನು ಆರಿಸಿಕೊಳ್ಳಲಾಗುತ್ತದೆ.

(4) ಛಾಯಾಚಿತ್ರ: ಕಲ್ಲನ್ನು ಸೂಕ್ಷ್ಮದರ್ಶಕದ ಕೆಳಗೆ ಯಾವಾಗಲೂ ಒಂದೇ ಭಂಗಿಯಲ್ಲಿ ಇರಿಸಿ, ಹಿನ್ನೆಲೆಯಿಂದ ಸ್ಪಷ್ಟವಾಗಿ ಬೇರ್ಪಡುವಂತೆ ಡಿಜಿಟಲ್ ಚಿತ್ರ ತೆಗೆಯಲಾಗುತ್ತದೆ. ಗಣಕಯಂತ್ರವು ಕಲ್ಲಿನ ಹೊರರೇಖೆಯನ್ನು ಗುರುತಿಸುತ್ತದೆ.

(5) ಸರಳ ಅಳತೆಗಳು: ಉದ್ದ, ಅಗಲ, ವಿಸ್ತೀರ್ಣ ಮತ್ತು ಸುತ್ತಳತೆಯಿಂದ ಆಕಾರದ ಸೂಚ್ಯಂಕಗಳನ್ನು ಲೆಕ್ಕ ಹಾಕಲಾಗುತ್ತದೆ. ಉದಾಹರಣೆಗೆ, ವಿಸ್ತೀರ್ಣವನ್ನು ಉದ್ದ ಮತ್ತು ಅಗಲಗಳ ಗುಣಲಬ್ಧದಿಂದ ಭಾಗಿಸಿದರೆ ಕಲ್ಲು ಆಯತಾಕಾರಕ್ಕೆ ಎಷ್ಟು ಹತ್ತಿರವಾಗಿದೆ ಎಂದು ತಿಳಿಯುತ್ತದೆ.

(6) ಹೊರರೇಖೆಯ ವಿಶ್ಲೇಷಣೆ: ಸರಳ ಅಳತೆಗಳಲ್ಲಿ ಅಂಚಿನ ಏರಿಳಿತಗಳು ಕಳೆದುಹೋಗುತ್ತವೆ. ಅದಕ್ಕಾಗಿ ಫೂರಿಯೇ ವಿಶ್ಲೇಷಣೆ ಎಂಬ ಗಣಿತ ವಿಧಾನವನ್ನು ಬಳಸಲಾಗುತ್ತದೆ. ಇದರಲ್ಲಿ ಮೊದಲು ಒಂದು ಅಂಡಾಕೃತಿಯನ್ನು ತೆಗೆದುಕೊಂಡು, ಅದಕ್ಕೆ ಹೆಚ್ಚು ಹೆಚ್ಚು ಸೂಕ್ಷ್ಮವಾದ ಅಲೆಗಳನ್ನು ಒಂದೊಂದಾಗಿ ಕೂಡಿಸುತ್ತಾ ಕಲ್ಲಿನ ನಿಜವಾದ ಹೊರರೇಖೆಯನ್ನು ಸಮೀಪಿಸಲಾಗುತ್ತದೆ. ಪ್ರತಿ ಅಲೆಗೆ ನಾಲ್ಕು ಸಂಖ್ಯೆಗಳಿರುತ್ತವೆ. 12 ಅಲೆಗಳನ್ನು ತೆಗೆದುಕೊಂಡರೆ 48 ಸಂಖ್ಯೆಗಳಾಗುತ್ತವೆ. ಕಲ್ಲಿನ ಗಾತ್ರ ಮತ್ತು ಚಿತ್ರದಲ್ಲಿ ಅದು ತಿರುಗಿರುವ ರೀತಿಯ ಪ್ರಭಾವವನ್ನು ತೆಗೆದಾಗ ಮೊದಲ ಮೂರು ಎಲ್ಲ ಕಲ್ಲುಗಳಿಗೂ ಒಂದೇ ಆಗುವುದರಿಂದ ಹೋಲಿಕೆಗೆ 45 ಉಳಿಯುತ್ತವೆ. 1982ರಲ್ಲಿ ಕೂಲ್ ಮತ್ತು ಜಿಯಾರ್ಡಿನಾ ಎಂಬುವರು ವಿವರಿಸಿದ ಈ ಅಂಡಾಕೃತಿ ಆಧಾರಿತ ವಿಧಾನವು ವ್ಯಾಪಕವಾಗಿ ಬಳಕೆಗೆ ಬಂದಿತು. 2015ರಲ್ಲಿ ಐಸ್‌ಲ್ಯಾಂಡಿನ ಸಂಶೋಧಕರು ಶೇಪ್‌ಆರ್ ಎಂಬ ಉಚಿತ ತಂತ್ರಾಂಶವನ್ನು ಪ್ರಕಟಿಸಿದ ನಂತರ ದುಬಾರಿ ತಂತ್ರಾಂಶವಿಲ್ಲದೆಯೂ ಈ ಕೆಲಸ ನಡೆಸುವುದು ಇನ್ನಷ್ಟು ಸುಲಭವಾಯಿತು.

(7) ಉದ್ದದ ಪ್ರಭಾವ ತೆಗೆಯುವುದು: ಮೀನು ಬೆಳೆದಂತೆ ಕಲ್ಲಿನ ಗಾತ್ರದ ಜೊತೆಗೆ ಆಕಾರವೂ ಬದಲಾಗುತ್ತದೆ. ಒಂದು ಸಮೂಹದಿಂದ ಸಣ್ಣ ಮೀನುಗಳನ್ನೂ ಇನ್ನೊಂದರಿಂದ ದೊಡ್ಡ ಮೀನುಗಳನ್ನೂ ತೆಗೆದುಕೊಂಡು ಹೋಲಿಸಿದರೆ ಕಾಣುವುದು ವಯಸ್ಸಿನ ವ್ಯತ್ಯಾಸವೇ ಹೊರತು ಸಮೂಹದ ವ್ಯತ್ಯಾಸವಲ್ಲ. ಆದ್ದರಿಂದ ಸಾಧ್ಯವಾದಷ್ಟು ಒಂದೇ ಗಾತ್ರದ ಮೀನುಗಳನ್ನು ಆರಿಸಿ, ಉಳಿದ ಪ್ರಭಾವವನ್ನು ಲೆಕ್ಕದ ಮೂಲಕ ತೆಗೆಯಲಾಗುತ್ತದೆ.

(8) ವಿಂಗಡಣೆ ಮತ್ತು ತಾಳೆ: ಆಧಾರ ಮಾದರಿಗಳ ಸಂಖ್ಯೆಗಳಿಂದ ಸಮೂಹಗಳನ್ನು ಬೇರ್ಪಡಿಸುವ ಸೂತ್ರವನ್ನು ರೂಪಿಸಲಾಗುತ್ತದೆ. ನಂತರ ಒಂದು ಮೀನನ್ನು ಹೊರಗಿಟ್ಟು, ಉಳಿದವುಗಳಿಂದ ರೂಪಿಸಿದ ಸೂತ್ರವು ಅದನ್ನು ಸರಿಯಾಗಿ ಗುರುತಿಸುವುದೇ ಎಂದು ಪರೀಕ್ಷಿಸಲಾಗುತ್ತದೆ. ಪ್ರತಿ ಮೀನಿಗೂ ಹೀಗೆ ಮಾಡಿ, ಶೇಕಡಾ ಎಷ್ಟು ಸರಿಯಾಯಿತು ಎಂದು ವರದಿ ಮಾಡಲಾಗುತ್ತದೆ. ಇದಾದ ಮೇಲಷ್ಟೇ ಮೂಲ ತಿಳಿಯದ ಮೀನುಗಳಿಗೆ ಸೂತ್ರವನ್ನು ಅನ್ವಯಿಸಲಾಗುತ್ತದೆ.

6. ಉದಾಹರಣೆ: ಬಾಲ್ಟಿಕ್ ಸಮುದ್ರದ ಕಾಡ್ ಮೀನು

ಈ ವಿಧಾನವು ಸಂಶೋಧನಾಲಯದಿಂದ ಹೊರಬಂದು ಮೀನುಗಾರಿಕೆಯ ಲೆಕ್ಕಪತ್ರದಲ್ಲಿ ಸ್ಥಾನ ಪಡೆದುದಕ್ಕೆ ಉತ್ತರ ಯುರೋಪಿನ ಬಾಲ್ಟಿಕ್ ಸಮುದ್ರವು ಒಳ್ಳೆಯ ಉದಾಹರಣೆಯಾಗಿದೆ.

ಬಾಲ್ಟಿಕ್ ಸಮುದ್ರದಲ್ಲಿ ಕಾಡ್ ಮೀನಿನ ಎರಡು ಸಮೂಹಗಳಿವೆ. ಪಶ್ಚಿಮ ಸಮೂಹವು ಡೆನ್ಮಾರ್ಕ್ ಮತ್ತು ಜರ್ಮನಿಯ ನಡುವಿನ ನೀರಿನಲ್ಲಿ, ವರ್ಷದ ಆರಂಭದ ತಿಂಗಳುಗಳಲ್ಲಿ ಮೊಟ್ಟೆಯಿಡುತ್ತದೆ. ಪೂರ್ವ ಸಮೂಹವು ಮುಖ್ಯವಾಗಿ ಬೋರ್ನ್‌ಹೋಮ್ ದ್ವೀಪದ ಬಳಿಯ ಆಳದಲ್ಲಿ, ಬೇಸಿಗೆಯಲ್ಲಿ ಮೊಟ್ಟೆಯಿಡುತ್ತದೆ. ಬಾಲ್ಟಿಕ್ ನೀರಿನ ಉಪ್ಪಿನಂಶವು ಪೂರ್ವಕ್ಕೆ ಹೋದಂತೆ ಕಡಿಮೆಯಾಗುತ್ತದೆ. ಪೂರ್ವ ಸಮೂಹದ ಮೊಟ್ಟೆಗಳು ಅಂತಹ ಸಪ್ಪೆಯಾದ ನೀರಿನಲ್ಲಿಯೂ ತೇಲುವಂತೆ ಹೊಂದಿಕೊಂಡಿವೆ. ವಂಶವಾಹಿ ಪರೀಕ್ಷೆಗಳಲ್ಲಿಯೂ ಎರಡು ಸಮೂಹಗಳು ಬೇರೆ ಎಂದು ದೃಢಪಟ್ಟಿದೆ.

ಈ ಭಾಗದ ಮೀನು ಸಮೂಹಗಳ ಸ್ಥಿತಿಯ ಬಗ್ಗೆ ಸಲಹೆ ನೀಡುವ, 1902ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಸಮುದ್ರ ಪರಿಶೋಧನಾ ಮಂಡಳಿಯು ಸಮುದ್ರವನ್ನು ಸಂಖ್ಯೆ ನೀಡಿದ ಉಪವಿಭಾಗಗಳನ್ನಾಗಿ ಗುರುತಿಸಿದೆ. 22ರಿಂದ 24ನೆಯ ಉಪವಿಭಾಗಗಳಲ್ಲಿ ಹಿಡಿದ ಕಾಡ್ ಮೀನನ್ನು ಪಶ್ಚಿಮ ಸಮೂಹಕ್ಕೂ, 25ರಿಂದ 32ರವರೆಗಿನದನ್ನು ಪೂರ್ವ ಸಮೂಹಕ್ಕೂ ಸೇರಿಸಿ ಲೆಕ್ಕ ಹಾಕಲಾಗುತ್ತಿತ್ತು. ಅಂದರೆ ಮೀನು ಯಾವ ಸಮೂಹದ್ದೆಂಬುದನ್ನು ಅದು ಸಿಕ್ಕಿದ ಸ್ಥಳವೇ ನಿರ್ಧರಿಸುತ್ತಿತ್ತು. ಆದರೆ ಗಡಿಗೆ ಹೊಂದಿಕೊಂಡ 24ನೆಯ ಉಪವಿಭಾಗವಾದ ಅರ್ಕೋನಾ ಪ್ರದೇಶದಲ್ಲಿ ಎರಡೂ ಸಮೂಹಗಳು ಬೆರೆಯುತ್ತವೆ. ಅಲ್ಲಿ ಹಿಡಿದ ಪೂರ್ವದ ಮೀನೂ ಪಶ್ಚಿಮದ ಲೆಕ್ಕಕ್ಕೇ ಹೋಗುತ್ತಿತ್ತು.

ಬೆರಕೆಯ ಪ್ರಮಾಣವನ್ನು ತಿಳಿಯಲು ಸಂಶೋಧಕರು ಕಿವಿಗಲ್ಲುಗಳ ಆಕಾರವನ್ನು ಬಳಸಿದರು. ವಂಶವಾಹಿ ಪರೀಕ್ಷೆಯಿಂದ ಮೂಲ ಖಚಿತವಾದ ಮೀನುಗಳ ಕಲ್ಲುಗಳನ್ನು ಆಧಾರ ಮಾದರಿಯಾಗಿ ಇಟ್ಟುಕೊಳ್ಳಲಾಯಿತು. ವಯಸ್ಸಿನ ನಿರ್ಣಯಕ್ಕಾಗಿ ಹಿಂದಿನ ದಶಕಗಳಲ್ಲಿ ಸಂಗ್ರಹಿಸಿ ಕಾಪಾಡಿದ್ದ ಕಲ್ಲುಗಳು ಇಲ್ಲಿ ಬಹಳ ಉಪಯೋಗಕ್ಕೆ ಬಂದವು. ಅವುಗಳ ಚಿತ್ರ ತೆಗೆದು ಹಳೆಯ ವರ್ಷಗಳ ಬೆರಕೆಯನ್ನೂ ಅಂದಾಜು ಮಾಡುವುದು ಸಾಧ್ಯವಾಯಿತು. 2000ರ ದಶಕದ ಮಧ್ಯಭಾಗದ ನಂತರ ಅರ್ಕೋನಾ ಪ್ರದೇಶದಲ್ಲಿ ಪೂರ್ವ ಸಮೂಹದ ಪಾಲು ಏರಿ, ಅಲ್ಲಿನ ಕಾಡ್ ಮೀನಿನಲ್ಲಿ ಬಹುಪಾಲು ಪೂರ್ವದ್ದೇ ಆಗಿತ್ತೆಂದು ಇದರಿಂದ ತಿಳಿದುಬಂದಿತು. 2015ರಲ್ಲಿ ನಡೆದ ಪುನರ್‌ಪರಿಶೀಲನೆಯ ನಂತರ 24ನೆಯ ಉಪವಿಭಾಗದ ಹಿಡುವಳಿಯನ್ನು ಎರಡು ಸಮೂಹಗಳ ನಡುವೆ ವಿಭಜಿಸಿ ಲೆಕ್ಕ ಹಾಕುವ ಕ್ರಮವು ಜಾರಿಗೆ ಬಂದಿತು.

ಲೆಕ್ಕ ಸರಿಯಾದುದರಿಂದ ಮೀನು ಮರಳಿ ಹೆಚ್ಚಲಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕಾಗುತ್ತದೆ. ಆಳದ ನೀರಿನಲ್ಲಿ ಆಮ್ಲಜನಕದ ಕೊರತೆ, ಬೆಳವಣಿಗೆಯ ಕುಂಠಿತ ಮುಂತಾದ ಕಾರಣಗಳಿಂದ ಪೂರ್ವ ಸಮೂಹವು ತೀವ್ರವಾಗಿ ಕ್ಷೀಣಿಸಿತು. 2019ರ ಜುಲೈನಲ್ಲಿ ಐರೋಪ್ಯ ಒಕ್ಕೂಟವು ಅದರ ಮೀನುಗಾರಿಕೆಗೆ ತುರ್ತು ನಿರ್ಬಂಧ ವಿಧಿಸಿತು. 2022ರಿಂದ ಪಶ್ಚಿಮ ಸಮೂಹವನ್ನು ಗುರಿಯಾಗಿಟ್ಟು ನಡೆಸುವ ಮೀನುಗಾರಿಕೆಯನ್ನೂ ನಿಲ್ಲಿಸಲಾಯಿತು. ಯಾವ ಸಮೂಹ ಎಷ್ಟು ಉಳಿದಿದೆ ಎಂಬುದನ್ನು ಕಿವಿಗಲ್ಲು ತಿಳಿಯಲು ನೆರವಾಗುತ್ತದೆ. ಸಮೂಹವನ್ನು ಉಳಿಸುವುದು ಸಕಾಲದಲ್ಲಿ ಕೈಗೊಳ್ಳುವ ಕ್ರಮಗಳಿಗೆ ಮತ್ತು ಸಮುದ್ರದ ಸ್ಥಿತಿಗೆ ಬಿಟ್ಟ ವಿಷಯ.

7. ಫಲಿತಾಂಶವನ್ನು ಅರ್ಥೈಸುವ ಬಗೆ

ಯಾವ ಸೂತ್ರವೂ ಶೇಕಡಾ ನೂರರಷ್ಟು ಸರಿಯಾಗಿರುವುದಿಲ್ಲ. ಈ ತಪ್ಪನ್ನು ಸರಿಪಡಿಸದಿದ್ದರೆ ಏನಾಗುತ್ತದೆ ಎಂಬುದನ್ನು ತೋರಿಸಲು ಒಂದು ಕಲ್ಪಿತ ಲೆಕ್ಕವನ್ನು ಕೆಳಗೆ ನೀಡಲಾಗಿದೆ.

ಒಂದು ಸೂತ್ರವು ‘ಕ’ ಸಮೂಹದ 100 ಮೀನುಗಳಲ್ಲಿ 85ನ್ನು, ‘ಖ’ ಸಮೂಹದ 100 ಮೀನುಗಳಲ್ಲಿ 80ನ್ನು ಸರಿಯಾಗಿ ಗುರುತಿಸುತ್ತದೆ ಎಂದಿಟ್ಟುಕೊಳ್ಳಬಹುದು. ಒಂದು ಬಲೆಯಲ್ಲಿ ಸಿಕ್ಕ 200 ಮೀನುಗಳಲ್ಲಿ ವಾಸ್ತವವಾಗಿ 40 ‘ಕ’, 160 ‘ಖ’ ಇವೆ. ಸೂತ್ರವು 40 ‘ಕ’ ಮೀನುಗಳಲ್ಲಿ 34ನ್ನು ‘ಕ’ ಎಂದು ಸರಿಯಾಗಿ ಹೇಳುತ್ತದೆ. ಜೊತೆಗೆ 160 ‘ಖ’ ಮೀನುಗಳಲ್ಲಿ ಐದನೆಯ ಒಂದು ಭಾಗ, ಅಂದರೆ 32ನ್ನು ತಪ್ಪಾಗಿ ‘ಕ’ ಎನ್ನುತ್ತದೆ. ಒಟ್ಟು 66 ಮೀನುಗಳು ‘ಕ’ ಎಂದು ದಾಖಲಾಗುತ್ತವೆ. ಇರುವುದು 40, ಕಾಣುವುದು 66. ದುರ್ಬಲವಾದ ಸಮೂಹವು ಇರುವುದಕ್ಕಿಂತ ಬಲವಾಗಿ ಕಾಣುತ್ತದೆ.

ಆಧಾರ ಮಾದರಿಗಳಿಂದ ತಪ್ಪಿನ ಪ್ರಮಾಣ ಮೊದಲೇ ತಿಳಿದಿದ್ದರೆ ಈ 66ರಿಂದ ಹಿಂದಕ್ಕೆ ಲೆಕ್ಕ ಹಾಕಿ 40ನ್ನು ಪಡೆಯಬಹುದು. ಆದ್ದರಿಂದ ಒಟ್ಟು ಹಿಡುವಳಿಯಲ್ಲಿ ಪ್ರತಿ ಸಮೂಹದ ಪಾಲನ್ನು ಅಂದಾಜು ಮಾಡಲು ಈ ವಿಧಾನವು ಸಮರ್ಥವಾದುದು. ಒಂದೊಂದು ಮೀನಿನ ಮೂಲವನ್ನು ಪ್ರಮಾಣೀಕರಿಸಲು ಅದು ಸಾಲದು.

ಇದಲ್ಲದೆ ಈ ಕೆಳಕಂಡ ಮಿತಿಗಳನ್ನು ಗಮನದಲ್ಲಿಡಬೇಕು:

(ಅ) ಉಷ್ಣಾಂಶ ಮತ್ತು ಆಹಾರ ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಒಂದೇ ಸಮೂಹದಲ್ಲಿಯೂ ಬೇರೆ ಬೇರೆ ವರ್ಷ ಹುಟ್ಟಿದ ಮೀನುಗಳ ಕಲ್ಲಿನ ಆಕಾರದಲ್ಲಿ ವ್ಯತ್ಯಾಸವಿರಬಹುದು. ಆಧಾರ ಮಾದರಿಯನ್ನು ಕಾಲಕಾಲಕ್ಕೆ ನವೀಕರಿಸಬೇಕು.
(ಆ) ಆಧಾರ ಮಾದರಿಯಲ್ಲಿ ಇಲ್ಲದ ಮೂರನೆಯ ಸಮೂಹದ ಮೀನು ಬಂದರೆ, ಸೂತ್ರವು ಅದನ್ನೂ ಇರುವ ಎರಡರಲ್ಲಿ ಒಂದಕ್ಕೆ ಸೇರಿಸುತ್ತದೆ.
(ಇ) ಆಕಾರದಲ್ಲಿ ವ್ಯತ್ಯಾಸ ಕಾಣಲಿಲ್ಲವೆಂದ ಮಾತ್ರಕ್ಕೆ ಸಮೂಹ ಒಂದೇ ಎಂದು ಸಾಬೀತಾಗುವುದಿಲ್ಲ. ಒಂದೇ ಬಗೆಯ ಪರಿಸರದಲ್ಲಿ ಬೆಳೆದ ಎರಡು ಸಮೂಹಗಳ ಕಲ್ಲುಗಳು ಹೋಲುವುದು ಸಾಧ್ಯ.

ಈ ಕಾರಣಗಳಿಂದ ಆಕಾರದ ಫಲಿತಾಂಶವನ್ನು ವಂಶವಾಹಿ ಪರೀಕ್ಷೆ, ಕಲ್ಲಿನಲ್ಲಿರುವ ಸ್ಟ್ರಾಂಷಿಯಂ, ಬೇರಿಯಂ ಮುಂತಾದ ಧಾತುಗಳ ಪರೀಕ್ಷೆ, ಗುರುತು ಪಟ್ಟಿ ಕಟ್ಟಿ ಬಿಟ್ಟ ಮೀನುಗಳ ಮರುಹಿಡಿತ ಹಾಗೂ ಮೊಟ್ಟೆಯಿಡುವ ಕಾಲದ ಮಾಹಿತಿಯೊಂದಿಗೆ ತಾಳೆ ನೋಡುವುದು ವಾಡಿಕೆ.

8. ಕರ್ನಾಟಕದ ಕರಾವಳಿಗೆ ಈ ವಿಷಯದ ಸಂಬಂಧ

ಸಂವಿಧಾನದ ಏಳನೆಯ ಅನುಸೂಚಿಯ ಪ್ರಕಾರ ಮೀನುಗಾರಿಕೆಯು ರಾಜ್ಯ ಪಟ್ಟಿಯಲ್ಲಿಯೂ, ಪ್ರಾದೇಶಿಕ ಜಲಪ್ರದೇಶದ ಆಚೆಗಿನ ಮೀನುಗಾರಿಕೆಯು ಕೇಂದ್ರ ಪಟ್ಟಿಯಲ್ಲಿಯೂ ಇದೆ. ಪ್ರಾದೇಶಿಕ ಜಲಪ್ರದೇಶವು ತೀರದ ಆಧಾರರೇಖೆಯಿಂದ 12 ನಾಟಿಕಲ್ ಮೈಲುಗಳವರೆಗೆ ವ್ಯಾಪಿಸಿದೆ. ದಕ್ಷಿಣ ಕನ್ನಡ, ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಗಳ ತೀರದಲ್ಲಿ ಕರ್ನಾಟಕ ಸಮುದ್ರ ಮೀನುಗಾರಿಕೆ (ನಿಯಂತ್ರಣ) ಕಾಯ್ದೆ, 1986 ಅನ್ವಯವಾಗುತ್ತದೆ. ನೆರೆಯ ಕೇರಳ ಮತ್ತು ಗೋವಾ ರಾಜ್ಯಗಳಿಗೆ ಅವುಗಳದ್ದೇ ಆದ ಕಾಯ್ದೆಗಳಿವೆ.

ಬೂತಾಯಿ ಮತ್ತು ಬಂಗುಡೆ ಈ ಯಾವ ಗಡಿಯನ್ನೂ ಅರಿಯವು. ಉತ್ತರ ಕನ್ನಡದಲ್ಲಿ ತಾರ್ಲೆ ಎಂದು ಕರೆಯಲಾಗುವ ಬೂತಾಯಿಯು ಕೇರಳ ಮತ್ತು ಗೋವಾ ತೀರಗಳಲ್ಲಿಯೂ, ಪೂರ್ವ ಕರಾವಳಿಯಲ್ಲಿಯೂ, ಅರಬ್ಬಿ ಸಮುದ್ರದ ಆಚೆಯ ಒಮಾನ್ ತೀರದಲ್ಲಿಯೂ ದೊರೆಯುತ್ತದೆ. ಒಂದು ವರ್ಷ ದೋಣಿ ತುಂಬ ಸಿಕ್ಕ ಮೀನು ಇನ್ನೊಂದು ವರ್ಷ ಕಾಣೆಯಾಗುವುದು ಮೀನುಗಾರರಿಗೆ ಹೊಸತಲ್ಲ. ಹೀಗಾದಾಗ ಮೀನು ಬೇರೆಡೆಗೆ ಸರಿದಿದೆಯೇ ಅಥವಾ ಈ ತೀರದ ಸಮೂಹವೇ ಕುಗ್ಗಿದೆಯೇ ಎಂಬ ಪ್ರಶ್ನೆ ಏಳುತ್ತದೆ. ಸರಿದಿದ್ದರೆ ಕಾಯಬಹುದು. ಕುಗ್ಗಿದ್ದರೆ ಮರಿಮೀನುಗಳನ್ನು ಉಳಿಸಬೇಕು. ಸಮೂಹಗಳ ಗಡಿ ತಿಳಿಯದೆ ಈ ಪ್ರಶ್ನೆಗೆ ಉತ್ತರ ನೀಡಲಾಗದು.

1947ರಲ್ಲಿ ಸ್ಥಾಪನೆಯಾದ, ಕೊಚ್ಚಿಯಲ್ಲಿ ಕೇಂದ್ರ ಕಚೇರಿಯಿರುವ ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯು ದೇಶದ ಇಳಿದಾಣಗಳಿಂದ ಮೀನಿನ ಮಾಹಿತಿ ಸಂಗ್ರಹಿಸುತ್ತದೆ. 2023ರಲ್ಲಿ ಈ ಸಂಸ್ಥೆಯ ವಿಜ್ಞಾನಿಗಳು ಬೂತಾಯಿಯ ಜೀನೋಮ್ ನಕ್ಷೆಯನ್ನು ಸಿದ್ಧಪಡಿಸಿದರು. ಇಂತಹ ವಂಶವಾಹಿ ಮಾಹಿತಿಯೊಂದಿಗೆ ಕಿವಿಗಲ್ಲಿನ ಆಕಾರವನ್ನು ಜೋಡಿಸಿ ನೋಡುವುದು ಬಾಲ್ಟಿಕ್ ಉದಾಹರಣೆಯು ತೋರಿಸುವ ಮಾರ್ಗವಾಗಿದೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಯಾಂತ್ರೀಕೃತ ಮೀನುಗಾರಿಕೆ ನಿಷೇಧವು ಒಂದೇ ರಾಜ್ಯಕ್ಕೆ ಸೀಮಿತವಾಗಿಲ್ಲದಿರುವುದೂ ಮೀನು ರಾಜ್ಯದ ಗಡಿಯೊಳಗೆ ನಿಲ್ಲುವುದಿಲ್ಲ ಎಂಬ ತಿಳಿವಳಿಕೆಗೆ ಅನುಗುಣವಾಗಿದೆ.

9. ಮಾದರಿ ನೀಡುವವರ ಗಮನಕ್ಕೆ

ಸಂಶೋಧನಾ ಸಂಸ್ಥೆ ಅಥವಾ ಕಾಲೇಜುಗಳಿಗೆ ಅಧ್ಯಯನಕ್ಕಾಗಿ ಮೀನಿನ ಮಾದರಿ ನೀಡುವ ಮೀನುಗಾರರು ಈ ಕೆಳಗಿನ ಅಂಶಗಳನ್ನು ಪಾಲಿಸಿದಲ್ಲಿ ಮಾದರಿಯು ಉಪಯುಕ್ತವಾಗುತ್ತದೆ.

(1) ಮೀನನ್ನು ಇಡಿಯಾಗಿ ನೀಡಬೇಕು. ತಲೆ ಜಜ್ಜಿಹೋಗಿದ್ದರೆ ಕಲ್ಲು ಮುರಿದಿರುವ ಸಾಧ್ಯತೆ ಇದೆ.
(2) ದೊಡ್ಡ ಮೀನುಗಳನ್ನಷ್ಟೇ ಆರಿಸದೆ, ಬಲೆಯಲ್ಲಿ ಬಂದ ಎಲ್ಲ ಗಾತ್ರದವುಗಳನ್ನೂ ನೀಡಬೇಕು.
(3) ಹಿಡಿದ ದಿನಾಂಕ, ಸ್ಥಳ, ನೀರಿನ ಆಳ ಮತ್ತು ಬಲೆಯ ವಿಧವನ್ನು ಬರೆದುಕೊಡಬೇಕು. ಇಳಿಸಿದ ಬಂದರಿನ ಹೆಸರು ಸಾಲದು. ದೋಣಿಯು ದೂರದ ನೀರಿನಲ್ಲಿ ಹಿಡಿದು ತಂದಿರಬಹುದು.
(4) ಬೇರೆ ಬೇರೆ ಸ್ಥಳಗಳಲ್ಲಿ ಹಾಕಿದ ಬಲೆಗಳ ಮೀನನ್ನು ಒಟ್ಟಿಗೆ ಬೆರೆಸಬಾರದು.
(5) ಮಾದರಿಯನ್ನು ಮಂಜುಗಡ್ಡೆಯಲ್ಲಿ ಇಡಬಹುದು. ಫಾರ್ಮಲಿನ್‌ನಲ್ಲಿ ಇಡಬಾರದು. ಅದರ ಆಮ್ಲೀಯ ಗುಣದಿಂದ ಕಿವಿಗಲ್ಲು ಕರಗುತ್ತದೆ.

10. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಕಿವಿಗಲ್ಲಿಗಾಗಿ ಮೀನನ್ನು ಪ್ರತ್ಯೇಕವಾಗಿ ಹಿಡಿಯಬೇಕೇ?
ಉತ್ತರ: ಸಾಮಾನ್ಯವಾಗಿ ಬಂದರಿನಲ್ಲಿ ಇಳಿಸಿದ ಮೀನನ್ನೇ ಬಳಸಲಾಗುತ್ತದೆ. ಆಧಾರ ಮಾದರಿಗೆ ಮೊಟ್ಟೆಯಿಡುವ ನೆಲೆಯ ಮೀನು ಬೇಕಾಗುವುದರಿಂದ ಸಂಶೋಧನಾ ದೋಣಿಗಳಲ್ಲಿಯೂ ಸಂಗ್ರಹಿಸಲಾಗುತ್ತದೆ. ದೊಡ್ಡ ಮೀನುಗಳಲ್ಲಿ ಕಿವಿರಿನ ಬದಿಯಿಂದ ಕಲ್ಲನ್ನು ತೆಗೆದರೆ ಮೀನಿನ ಹೊರನೋಟ ಕೆಡುವುದಿಲ್ಲ.

ಪ್ರಶ್ನೆ: ವಂಶವಾಹಿ ಪರೀಕ್ಷೆ ಇರುವಾಗ ಈ ವಿಧಾನದ ಅಗತ್ಯವೇನು?
ಉತ್ತರ: ಆಕಾರದ ಪರೀಕ್ಷೆಗೆ ಸೂಕ್ಷ್ಮದರ್ಶಕ, ಕ್ಯಾಮೆರಾ ಮತ್ತು ಗಣಕಯಂತ್ರ ಸಾಕಾಗುವುದರಿಂದ ವೆಚ್ಚ ಕಡಿಮೆ. ವಯಸ್ಸು ತಿಳಿಯಲು ತೆಗೆದ ಕಲ್ಲನ್ನೇ ಇದಕ್ಕೂ ಬಳಸಬಹುದು. ಅಲ್ಲದೆ, ವಂಶವಾಹಿಯಲ್ಲಿ ವ್ಯತ್ಯಾಸ ಕಾಣದಿದ್ದರೂ ಬೇರೆ ಬೇರೆ ನೆಲೆಗಳಲ್ಲಿ ಬೆಳೆದ ಮೀನುಗಳನ್ನು ಆಕಾರವು ಬೇರ್ಪಡಿಸಬಹುದು.

ಪ್ರಶ್ನೆ: ಶಾರ್ಕ್ ಮತ್ತು ತೊರಕೆ ಮೀನುಗಳಿಗೂ ಇದು ಅನ್ವಯಿಸುತ್ತದೆಯೇ?
ಉತ್ತರ: ಇಲ್ಲ. ಅವು ಮೃದ್ವಸ್ಥಿಯ ಮೀನುಗಳು. ಅವುಗಳ ಒಳಗಿವಿಯಲ್ಲಿ ಇಡಿಯಾದ ಕಲ್ಲಿನ ಬದಲು ಸೂಕ್ಷ್ಮ ಕಣಗಳಿರುತ್ತವೆ. ಸಿಗಡಿ, ಏಡಿಗಳಿಗೂ ಇದು ಅನ್ವಯಿಸುವುದಿಲ್ಲ.

ಪ್ರಶ್ನೆ: ಮಾರುಕಟ್ಟೆಯಲ್ಲಿ ಕೊಂಡ ಒಂದು ಮೀನಿನ ಕಲ್ಲನ್ನು ನೋಡಿ ಅದು ಎಲ್ಲಿಯದೆಂದು ಹೇಳಬಹುದೇ?
ಉತ್ತರ: ಪ್ರಭೇದವನ್ನು ಹೇಳಬಹುದು. ಉಂಗುರಗಳು ಸ್ಪಷ್ಟವಾಗಿದ್ದರೆ ವಯಸ್ಸನ್ನೂ ಅಂದಾಜು ಮಾಡಬಹುದು. ಸಮೂಹವನ್ನು ಒಂದೇ ಕಲ್ಲಿನಿಂದ ಖಚಿತವಾಗಿ ಹೇಳಲಾಗದು.

ಪ್ರಶ್ನೆ: ಹಳೆಯ ಕಿವಿಗಲ್ಲುಗಳನ್ನು ಸಂಗ್ರಹಿಸಿ ಇಡುವುದರಿಂದ ಪ್ರಯೋಜನವಿದೆಯೇ?
ಉತ್ತರ: ಇದೆ. ಒಣಗಿಸಿ, ವಿವರ ಬರೆದು ಇಟ್ಟ ಕಲ್ಲು ದಶಕಗಳ ನಂತರವೂ ಪರೀಕ್ಷೆಗೆ ಯೋಗ್ಯವಾಗಿರುತ್ತದೆ. ಸ್ಥಳ ಮತ್ತು ದಿನಾಂಕದ ವಿವರವಿಲ್ಲದ ಕಲ್ಲಿನಿಂದ ಸಮೂಹಗಳ ಅಧ್ಯಯನಕ್ಕೆ ಪ್ರಯೋಜನವಿಲ್ಲ.